ಒಣಗಿದ ಕಣ್ಣಿಗೆ ಓದುವ ಕನ್ನಡಕ: ಆರು ಸಾವಿರ ಕೊಡಲೇಬೇಕಾ?

ಪ್ರಶ್ನೆ: ನನಗೆ 51 ವರ್ಷ. ಗದಗದಲ್ಲಿ ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತೇನೆ. ದಿನಕ್ಕೆ ಐದಾರು ತಾಸು ಕೆಲಸ. ರಾತ್ರಿ ಸ್ವಲ್ಪ ಹೊತ್ತಾದರೂ ಓದದಿದ್ದರೆ ನಿದ್ದೆ ಹತ್ತುವುದಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ 150 ರೂಪಾಯಿಗೆ ತಂದ +2.00 ಕನ್ನಡಕ ಹಾಕುತ್ತೇನೆ. ಒಂದು ವರ್ಷದಿಂದ ಮಧ್ಯಾಹ್ನದ ಹೊತ್ತಿಗೆ ಕಣ್ಣು ಉರಿಯುತ್ತದೆ, ಮರಳು ಬಿದ್ದ ಹಾಗೆ ಚುಚ್ಚುತ್ತದೆ. ಸಂಜೆಗೆ ನೀರು ಸುರಿಯುತ್ತದೆ. ಡಾಕ್ಟರು ‘ಕಣ್ಣು ಒಣಗಿದೆ’ ಎಂದು ಹನಿ ಬರೆದುಕೊಟ್ಟರು. ನೀರು ಸುರಿಯುವ ಕಣ್ಣು ಒಣಗಿದ್ದು ಹೇಗೆ ಎಂದು ಕೇಳಲು ಧೈರ್ಯವಾಗಲಿಲ್ಲ. ಮಗ ಮೊಬೈಲಿನಲ್ಲಿ ಸುತ್ತಲೂ ಮುಚ್ಚಿದ ಒಂದು ಕನ್ನಡಕ ತೋರಿಸಿದ. ಬೆಲೆ ಆರು ಸಾವಿರದ ಮೇಲೆ. ಕನ್ನಡಕದಂಗಡಿಯವರು ‘ಬ್ಲೂ ಕಟ್ ಹಾಕಿಸಿ, ಎಲ್ಲಾ ಸರಿಹೋಗುತ್ತೆ’ ಅಂದರು. ಅದಕ್ಕೆ 2,200. ನಮ್ಮ ಅತ್ತೆ ‘ಹರಳೆಣ್ಣೆ ಬಿಟ್ಟುಕೋ’ ಅನ್ನುತ್ತಾರೆ. ಒಂದು ಸೀರೆಗೆ ನನ್ನ ಕೈಗೆ ಬರುವುದೇ ಇನ್ನೂರು, ಮುನ್ನೂರು. ಕಡಿಮೆ ಬೆಲೆಯಲ್ಲಿ ಕಣ್ಣು ಕಾಯುವ ಓದುವ ಕನ್ನಡಕ ಇದೆಯೇ? ಸೋವಿ ಕನ್ನಡಕ ಹಾಕಿದ್ದಕ್ಕೇ ಹೀಗಾಯಿತಾ?

ಉತ್ತರ: ‘ಕೇಳಲು ಧೈರ್ಯವಾಗಲಿಲ್ಲ’ ಎಂದು ಬರೆದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಅದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಗೊತ್ತಾದರೆ ಯಾವ ಕನ್ನಡಕ ಬೇಕು ಅನ್ನುವುದೂ ಅರ್ಧ ಗೊತ್ತಾದ ಹಾಗೆ.

ಕಣ್ಣೀರು ಬರೀ ನೀರಲ್ಲ. ಬಿಸಿ ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೆಳ್ಳಗೆ ಹರಡಿಕೊಂಡಿರುತ್ತಲ್ವಾ? ಆ ಪದರ ಇದ್ದಷ್ಟು ಹೊತ್ತು ಸಾರು ಬೇಗ ಆರುವುದಿಲ್ಲ. ಕಣ್ಣಿನ ಮೇಲೂ ಹಾಗೇ. ಅಡಿಯಲ್ಲಿ ಲೋಳೆಯಂಥ ಒಂದು ಪದರ, ಅದು ನೀರನ್ನು ಕಣ್ಣಿಗೆ ಅಂಟಿಸಿ ಇಡುತ್ತದೆ. ನಡುವೆ ನೀರು. ಎಲ್ಲಕ್ಕಿಂತ ಮೇಲೆ ತೆಳುವಾದ ಎಣ್ಣೆ. ಈ ಎಣ್ಣೆ ಬರುವುದು ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವ ಸಣ್ಣ ಗ್ರಂಥಿಗಳಿಂದ. ಮೇಲಿನ ರೆಪ್ಪೆಯಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಇರುತ್ತವೆ. ಮೈಬೋಮಿಯನ್ ಗ್ರಂಥಿ ಅಂತ ಹೆಸರು. ನಾವು ರೆಪ್ಪೆ ಬಡಿದಾಗಲೆಲ್ಲ ಒಂದಿಷ್ಟು ಎಣ್ಣೆ ಹೊರಬಂದು ಕಣ್ಣಿನ ಮೇಲೆ ಹರಡುತ್ತದೆ.

ವಯಸ್ಸಾದಂತೆ ಈ ಗ್ರಂಥಿಗಳ ಬಾಯಿ ಕಟ್ಟಿಕೊಳ್ಳುತ್ತದೆ. ಹೆಂಗಸರಲ್ಲಿ ಮುಟ್ಟು ನಿಲ್ಲುವ ಸಮಯದಲ್ಲಿ ಇದು ಜಾಸ್ತಿ. ಒಳಗಿನ ಎಣ್ಣೆ ಚಳಿಗಾಲದ ಕೊಬ್ಬರಿ ಎಣ್ಣೆ ಹಾಗೆ ಗಟ್ಟಿಯಾಗುತ್ತದೆ, ಹೊರಗೆ ಬರುವುದಿಲ್ಲ. ಎಣ್ಣೆ ಇಲ್ಲದ ನೀರು ಗಾಳಿಗೆ ಹಾರಿಹೋಗುತ್ತದೆ. ಕಣ್ಣಿನ ಮೇಲೆ ಅಲ್ಲಲ್ಲಿ ಒಣಗಿದ ಚುಕ್ಕೆಗಳಾಗುತ್ತವೆ. ಅವು ಉರಿಯುತ್ತವೆ. ಆಗ ಕಣ್ಣು ಗಾಬರಿಯಾಗಿ ಒಮ್ಮೆಲೇ ನೀರು ಸುರಿಸುತ್ತದೆ. ಈರುಳ್ಳಿ ಹೆಚ್ಚಿದಾಗ ಬರುವಂಥ ನೀರು ಅದು. ಬಿರುಕು ಬಿಟ್ಟ ಎರೆಹೊಲದ ಮೇಲೆ ಒಂದೇ ಸಮ ಮಳೆ ಹೊಡೆದರೆ ನೀರು ಮೇಲಿಂದ ಮೇಲೆಯೇ ಹರಿದುಹೋಗುತ್ತದೆ. ನಿಮ್ಮ ಕೆನ್ನೆಯ ಮೇಲೆ ಸಂಜೆ ಹರಿಯುವುದು ಆ ನೀರು. ಸುರಿಯುವ ನೀರು, ಒಣಗಿದ ಕಣ್ಣು, ಎರಡೂ ಒಟ್ಟಿಗೆ ಇರಬಹುದು. ಡಾಕ್ಟರು ಹೇಳಿದ್ದು ಸರಿಯಾಗಿಯೇ ಇದೆ.

ನಿಮ್ಮ ಕೆಲಸ ಇದಕ್ಕೆ ಇನ್ನೊಂದು ಕಾರಣ. ಸುಮ್ನೆ ಕೂತು ಮಾತಾಡುವಾಗ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಎಳೆ ಎಳೆಯಾಗಿ ದಾರ ಬಿಡಿಸಿ ಗಂಟು ಹಾಕುವಾಗ, ಓದುವಾಗ, ಮೊಬೈಲ್ ನೋಡುವಾಗ ಅದು ಐದು, ಆರು, ಏಳಕ್ಕೆ ಇಳಿಯುತ್ತದೆ. ಬಡಿದರೂ ಅರ್ಧಂಬರ್ಧ. ಮೇಲಿನ ರೆಪ್ಪೆ ಕೆಳಗಿನದನ್ನು ಮುಟ್ಟುವುದೇ ಇಲ್ಲ. ಎಣ್ಣೆ ಹಿಂಡಲು ಎರಡೂ ಮುಟ್ಟಬೇಕು.

ಮೂರನೆಯದು ಗಾಳಿ. ನಿಮ್ಮ ಊರಿನ ಗಾಳಿಯ ಬಗ್ಗೆ ನಾನು ನಿಮಗೆ ಹೇಳಬೇಕಾ? ಗದಗ ಸುತ್ತಲಿನ ಗುಡ್ಡಗಳ ಮೇಲೆ ವಿಂಡ್‌ಮಿಲ್ ನಿಲ್ಲಿಸಿದ್ದೇ ಗಾಳಿ ಅಷ್ಟಿದೆ ಅಂತ. ಬೇಸಿಗೆಯಲ್ಲಿ ಅದು ಒಣಗಾಳಿ. ಅದರ ಮೇಲೆ ಮನೆಯೊಳಗೆ ನೆತ್ತಿಯ ಮೇಲೆ ಫ್ಯಾನು.

ಸುತ್ತಲೂ ಮುಚ್ಚಿದ ಕನ್ನಡಕ ತಡೆಯುವುದು ಈ ಮೂರನೆಯದನ್ನು, ಅಂದರೆ ಗಾಳಿಯನ್ನು. ಕಣ್ಣಿನ ಮುಂದೆ ಒಂದು ಪುಟ್ಟ ಕೋಣೆ ಮಾಡಿ ಅದರೊಳಗೆ ತೇವ ನಿಲ್ಲುವಂತೆ ಮಾಡುತ್ತದೆ. ಕಟ್ಟಿಕೊಂಡ ಗ್ರಂಥಿಯನ್ನು ಅದು ಬಿಡಿಸುವುದಿಲ್ಲ. ರೆಪ್ಪೆ ಬಡಿಯುವುದನ್ನು ನೆನಪಿಸುವುದಿಲ್ಲ. ಗಾಳಿ ತಡೆಯುವ ಕೆಲಸವನ್ನು ನೂರಿನ್ನೂರು ರೂಪಾಯಿಯ ವಸ್ತುವೂ ಬಹಳ ಮಟ್ಟಿಗೆ ಮಾಡುತ್ತದೆ. ಆರು ಸಾವಿರದ ಕನ್ನಡಕ ಮೋಸ ಅಂತ ನಾನು ಹೇಳುತ್ತಿಲ್ಲ. ಅದು ಬೇಕಾದವರು ಇದ್ದಾರೆ, ಅವರ ವಿಷಯ ಮುಂದೆ ಹೇಳುತ್ತೇನೆ. ನೀವು ಅಲ್ಲಿಂದ ಶುರು ಮಾಡಬೇಕಿಲ್ಲ.

ಮೊದಲು ಒಂದು ರೂಪಾಯಿಯೂ ಖರ್ಚಿಲ್ಲದ ಪರೀಕ್ಷೆ

ನನ್ನ ಹತ್ತಿರ ಬರುವವರಿಗೆಲ್ಲ ಇದನ್ನು ಮಾಡಿಸುತ್ತೇನೆ. ಮಧ್ಯಾಹ್ನ ಕಣ್ಣು ಉರಿಯಲು ಶುರುವಾದಾಗ, ಕೆಲಸ ಮಾಡುವ ಜಾಗದಲ್ಲೇ, ಫ್ಯಾನ್ ಹಾಕಿಕೊಂಡೇ ಕೂರಿ. ಈಗಿರುವ ಕನ್ನಡಕ ಹಾಕಿಕೊಳ್ಳಿ. ಎರಡೂ ಅಂಗೈಗಳನ್ನು ಬೊಗಸೆಯಂತೆ ಮಾಡಿ ಕನ್ನಡಕದ ಎರಡು ಪಕ್ಕಕ್ಕೆ ಇಡಿ. ಕಿರುಬೆರಳು ಕೆನ್ನೆಯ ಮೂಳೆಗೆ ತಾಗಿರಲಿ, ತೋರುಬೆರಳು ಹುಬ್ಬಿನ ತುದಿಗೆ. ಕಣ್ಣು ಒತ್ತಬೇಡಿ. ಯಾರಾದರೂ ಮುಂದೆ ಪುಸ್ತಕ ಹಿಡಿಯಲಿ, ಎರಡು ಮೂರು ನಿಮಿಷ ಓದಿ. ಆಮೇಲೆ ಕೈ ತೆಗೆಯಿರಿ.

ಕೈ ಇದ್ದಾಗ ಹಾಯೆನಿಸಿ, ತೆಗೆದ ಸ್ವಲ್ಪ ಹೊತ್ತಿಗೇ ಚುಚ್ಚಲು ಶುರುವಾದರೆ ನಿಮಗೆ ಪಕ್ಕ ಮುಚ್ಚಿದ ಕನ್ನಡಕದಿಂದ ಉಪಯೋಗ ಆಗುತ್ತದೆ. ಏನೂ ವ್ಯತ್ಯಾಸ ಆಗದಿದ್ದರೆ ತೊಂದರೆಯ ಮೂಲ ಬೇರೆ ಕಡೆ ಇದೆ. ಆಗ ಕನ್ನಡಕಕ್ಕೆ ದುಡ್ಡು ಹಾಕುವುದಕ್ಕಿಂತ ಮುಂಚೆ ರೆಪ್ಪೆಗಳನ್ನು ಸರಿಯಾಗಿ ತೋರಿಸಿಕೊಳ್ಳಬೇಕು.

ಇದೇ ಪರೀಕ್ಷೆಯನ್ನು ಮತ್ತೊಂದು ರೀತಿಯಲ್ಲೂ ಮಾಡಿ. ಗಾಳಿ ಎಲ್ಲಿಂದ ನುಗ್ಗುತ್ತಿದೆ ನೋಡಿ. ಪಕ್ಕ ಮುಚ್ಚಿದರೆ ಸಾಕಾಗುತ್ತಾ, ಮೇಲೆ ಹುಬ್ಬಿನ ಹತ್ತಿರ ಮುಚ್ಚಿದರೆ ಜಾಸ್ತಿ ಹಿತವಾಗುತ್ತಾ? ನೆತ್ತಿಯ ಮೇಲೆ ಫ್ಯಾನ್ ಇರುವವರಿಗೆ ಎಷ್ಟೋ ಸಲ ಮೇಲಿನ ಸಂದಿಯೇ ಕಾಟ ಕೊಡುತ್ತಿರುತ್ತದೆ. ಯಾವ ಕನ್ನಡಕ ಕೊಳ್ಳಬೇಕು ಅನ್ನುವುದು ಈ ಸಣ್ಣ ವಿಷಯದ ಮೇಲೆ ನಿಂತಿದೆ.

ಸೋವಿ ಕನ್ನಡಕ, ಬ್ಲೂ ಕಟ್, ಹರಳೆಣ್ಣೆ

ನಿಮ್ಮ 150 ರೂಪಾಯಿಯ ಕನ್ನಡಕದಿಂದ ಕಣ್ಣು ಒಣಗಿಲ್ಲ. ಯಾವ ಕನ್ನಡಕದಿಂದಲೂ ಒಣಗುವುದಿಲ್ಲ. ನಿಜ ಹೇಳಬೇಕೆಂದರೆ ಸಾಧಾರಣ ಕನ್ನಡಕವೂ ಎದುರಿನ ಗಾಳಿಯನ್ನು ಸ್ವಲ್ಪ ತಡೆಯುತ್ತದೆ. ಸೋವಿ ಅಂದ ಮಾತ್ರಕ್ಕೆ ಕೀಳು ಅಂತ ನಾನು ಒಪ್ಪುವುದಿಲ್ಲ. ಅಸ್ಸಾಮಿನ ಚಹಾ ತೋಟಗಳಲ್ಲಿ 40 ದಾಟಿದ ಕೆಲಸಗಾರರಿಗೆ ಹತ್ತಿರ ನೋಡುವ ಕನ್ನಡಕ ಕೊಟ್ಟು ನಡೆಸಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕನ್ನಡಕ ಸಿಕ್ಕವರ ಎಲೆ ಕೀಳುವ ಪ್ರಮಾಣ, ಸಿಗದವರಿಗಿಂತ ಸುಮಾರು 22% ಜಾಸ್ತಿ ಏರಿತ್ತು. ಕೈಕೆಲಸ ಮಾಡಿ ಬದುಕುವವರಿಗೆ ಒಂದು ಸಾದಾ ಕನ್ನಡಕ ಅಂದರೆ ಅಷ್ಟು.

ಆದರೆ ಸಿದ್ಧ ಕನ್ನಡಕಕ್ಕೆ ಒಂದು ಮಿತಿ ಇದೆ. ಎರಡೂ ಕಣ್ಣಿಗೆ ಒಂದೇ ಪವರ್ ಇರುತ್ತದೆ. ನಿಮ್ಮ ಎರಡು ಕಣ್ಣಿನ ಪವರ್ ಬೇರೆಬೇರೆ ಇದ್ದರೆ, ಅಥವಾ ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ್ದಕ್ಕೆ ಹಾಕುವ ಪವರ್) ಇದ್ದರೆ, ಕಣ್ಣು ಎಳೆದುಕೊಂಡು ನೋಡುತ್ತದೆ, ತಲೆ ಭಾರವಾಗುತ್ತದೆ. ಎಳೆದು ನೋಡುವವರು ರೆಪ್ಪೆಯನ್ನೂ ಕಡಿಮೆ ಬಡಿಯುತ್ತಾರೆ. ಒಣಗುವುದಕ್ಕೂ ಇದಕ್ಕೂ ಇರುವ ಸಂಬಂಧ ಅಷ್ಟೇ.

ಕೊಳ್ಳುವ ಮುಂಚೆ ಗಾಜನ್ನು ಪರೀಕ್ಷಿಸುವುದು ಸುಲಭ. ಕನ್ನಡಕವನ್ನು ತೋಳುದ್ದ ದೂರ ಹಿಡಿದು ಕಿಟಕಿಯ ಸರಳನ್ನೋ ಗೋಡೆಯ ಟೈಲ್ಸ್ ಗೆರೆಯನ್ನೋ ಅದರ ಮೂಲಕ ನೋಡಿ. ಕನ್ನಡಕವನ್ನು ನಿಧಾನಕ್ಕೆ ಅತ್ತಿತ್ತ ಸರಿಸಿ. ಗೆರೆ ಒಟ್ಟಾಗಿ ಜರುಗಿದರೆ ಗಾಜು ಪರವಾಗಿಲ್ಲ. ನೀರಿನಲ್ಲಿ ಕಂಡ ಹಾಗೆ ಅಲ್ಲಲ್ಲಿ ಡೊಂಕಾದರೆ ಅದನ್ನು ಅಲ್ಲೇ ಇಟ್ಟು ಬನ್ನಿ.

ಬ್ಲೂ ಕಟ್ ವಿಷಯ. ನಿಮಗೆ ಅದು ಬೇಡ. 2,200 ರೂಪಾಯಿ ನಿಮ್ಮ ಹತ್ತು ಸೀರೆಯ ದುಡ್ಡು. ನೀಲಿ ಬೆಳಕು ತಡೆಯುವ ಗಾಜುಗಳ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ವರದಿಯೊಂದು, ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಸಂಸ್ಥೆಯದ್ದು, 2023ರಲ್ಲಿ ಬಂತು. ಕಂಪ್ಯೂಟರ್ ಮುಂದೆ ಕೂರುವವರ ಕಣ್ಣಿನ ದಣಿವೇ ಅದರಿಂದ ಕಡಿಮೆ ಆಗುವಂತೆ ಕಾಣಲಿಲ್ಲ. ದಾರ, ಸೀರೆ, ಕಾಗದದ ಪುಸ್ತಕ, ಇವುಗಳಲ್ಲಿ ತಡೆಯಬೇಕಾದ ನೀಲಿ ಬೆಳಕಾದರೂ ಎಲ್ಲಿದೆ? ಅಂಗಡಿಯವರು ಕೆಟ್ಟವರು ಅಂತಲ್ಲ. ಕಂಪನಿಯವರು ಅವರಿಗೆ ಹೇಳಿಕೊಟ್ಟಿದ್ದನ್ನು ಅವರು ನಿಮಗೆ ಹೇಳಿದ್ದಾರೆ.

ಹರಳೆಣ್ಣೆ ಬಗ್ಗೆ ನಿಮ್ಮ ಅತ್ತೆಯವರಿಗೆ ಬೇಜಾರಾಗದಂತೆ ಹೇಳಿ. ಅವರ ಮಾತಿನಲ್ಲಿ ಒಂದು ಸುಳಿವಂತೂ ಇದೆ: ಕಣ್ಣಿಗೆ ಎಣ್ಣೆ ಬೇಕು ಅನ್ನುವುದು. ಶುದ್ಧ ಮಾಡಿದ ಹರಳೆಣ್ಣೆಯನ್ನು ಬಹಳ ಸಣ್ಣ ಪ್ರಮಾಣದಲ್ಲಿ ಬೆರೆಸಿದ ಕಣ್ಣಿನ ಹನಿಗಳು ನಿಜವಾಗಿಯೂ ಇವೆ. ಆದರೆ ಬಾಟಲಿಯಲ್ಲಿಟ್ಟ ಎಣ್ಣೆ ಕ್ರಿಮಿಗಳಿಲ್ಲದ ವಸ್ತು ಅಲ್ಲ. ಒಣಗಿದ ಕಣ್ಣಿನ ಮೇಲ್ಪದರ ಮೊದಲೇ ಗೀಚಿದಂತಿರುತ್ತದೆ. ಅಲ್ಲಿ ಸೋಂಕು ಹತ್ತಿ ಹುಣ್ಣಾದರೆ ಕಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಕಲೆ ನಿಂತುಬಿಡುತ್ತದೆ. ಅಂಥ ಕಣ್ಣುಗಳನ್ನು ನೋಡಿ ನೋಡಿ ಈ ಮಾತು ಹೇಳುತ್ತಿದ್ದೇನೆ. ಗುಲಾಬಿ ನೀರು, ಜೇನುತುಪ್ಪ, ಎದೆಹಾಲು, ಇವಕ್ಕೂ ಇದೇ ಮಾತು.

ಇನ್ನೊಂದು ಅಪಾಯ ನಿಮ್ಮ ಪತ್ರದಲ್ಲಿ ಇಲ್ಲ, ಆದರೂ ಹೇಳುತ್ತೇನೆ. ಮೆಡಿಕಲ್ ಶಾಪಿಗೆ ಹೋಗಿ ‘ಕಣ್ಣುರಿಗೆ ಹನಿ ಕೊಡಿ’ ಅಂತ ಕೇಳಬೇಡಿ. ಕೆಲವು ಹನಿಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಹಾಕಿದ ಎರಡೇ ದಿನಕ್ಕೆ ಕಣ್ಣು ತಣ್ಣಗಾಗುತ್ತದೆ, ಹಾಗಾಗಿ ಜನ ಬಿಡುವುದೇ ಇಲ್ಲ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒಳಗಿನ ಒತ್ತಡ ಏರಬಹುದು, ಪೊರೆ ಬರಬಹುದು. ಒತ್ತಡದಿಂದ ಹೋದ ದೃಷ್ಟಿ ವಾಪಸ್ ಬರುವುದಿಲ್ಲ.

ಕೈಗೆಟಕುವ ದಾರಿಗಳು

ನಿಮಗೆ ನಾನು ಮೊದಲು ಹೇಳುವುದು ಪಕ್ಕದ ರೆಕ್ಕೆ. ಕನ್ನಡಕದ ಕಡ್ಡಿಗೆ ತೂರಿಸುವ ಪಾರದರ್ಶಕ ಪ್ಲಾಸ್ಟಿಕ್ ತುಂಡು ಅದು. ಕಾರ್ಖಾನೆಗಳಲ್ಲಿ, ಪ್ರಯೋಗಾಲಯಗಳಲ್ಲಿ ಸ್ವಂತ ಕನ್ನಡಕ ಹಾಕಿ ಕೆಲಸ ಮಾಡುವವರಿಗಾಗಿ ಮಾಡಿದ್ದು. ‘ಸೈಡ್ ಶೀಲ್ಡ್’ ಅಂತ ಕೇಳಿದರೆ ಸೇಫ್ಟಿ ಸಾಮಾನಿನ ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಸಿಗುತ್ತದೆ. ಜೋಡಿಗೆ ಸುಮಾರು ನೂರರಿಂದ ಇನ್ನೂರೈವತ್ತು ರೂಪಾಯಿ. ಈಗಿರುವ ಕನ್ನಡಕಕ್ಕೇ ಸಿಕ್ಕಿಸಬಹುದು, ಬೇಡವಾದಾಗ ತೆಗೆಯಬಹುದು. ತೆಳ್ಳನೆ ತಂತಿಯ ಕಡ್ಡಿಗೆ ಜಾರುತ್ತದೆ, ತೀರಾ ಅಗಲ ಕಡ್ಡಿಗೆ ತೂರುವುದಿಲ್ಲ. ಮಧ್ಯಮ ದಪ್ಪದ ಪ್ಲಾಸ್ಟಿಕ್ ಕಡ್ಡಿಗೆ ಚೆನ್ನಾಗಿ ಕೂರುತ್ತದೆ. ಅಂಚು ಕೆನ್ನೆಗೆ ಉಜ್ಜುತ್ತಿದೆಯಾ ನೋಡಿಕೊಳ್ಳಿ. ಮೇಲಿನ ಸಂದಿ, ಕೆಳಗಿನ ಸಂದಿ ಹಾಗೇ ಉಳಿಯುತ್ತವೆ, ಅದು ಇದರ ಕೊರತೆ. ಅಂಗೈ ಪರೀಕ್ಷೆಯಲ್ಲಿ ಪಕ್ಕ ಮುಚ್ಚಿದ್ದೇ ಸಾಕಾಗಿದ್ದರೆ ನಿಮ್ಮ ಹುಡುಕಾಟ ಇಲ್ಲಿಗೇ ಮುಗಿಯಿತು.

ಮೇಲಿನಿಂದ ಗಾಳಿ ಬರುವುದೇ ತೊಂದರೆ ಆಗಿದ್ದರೆ, ಕನ್ನಡಕದ ಮೇಲೆ ಹಾಕುವ ದೊಡ್ಡ ಪಾರದರ್ಶಕ ಸೇಫ್ಟಿ ಕನ್ನಡಕ ನೋಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ಸಾಮಾನಿನ ಪಕ್ಕ ನೇತುಹಾಕಿರುತ್ತಾರೆ. ಬೆಲೆ ನೂರೈವತ್ತರ ಆಸುಪಾಸು. ಹುಬ್ಬಿನ ಮೇಲೆ ಒಂದು ಚಜ್ಜದ ಹಾಗೆ ಬರುತ್ತದೆ. ಎರಡು ಕನ್ನಡಕದ ಭಾರ ಮೂಗಿನ ಮೇಲೆ ಬೀಳುತ್ತದೆ, ಎರಡು ಗಾಜಿನ ನಡುವೆ ಮಂಜು ಕಟ್ಟುತ್ತದೆ, ಇದನ್ನು ತಡೆದುಕೊಳ್ಳಬೇಕು. ಇಡೀ ದಿನಕ್ಕೆ ಆಗದು. ಫ್ಯಾನ್ ಕೆಳಗೆ ಕೂತ ಒಂದೆರಡು ತಾಸಿಗೆ ಆಗುತ್ತದೆ. ಕೊಳ್ಳುವಾಗ ಪೂರ್ತಿ ತಿಳಿಯಾದ ಗಾಜನ್ನೇ ಆರಿಸಿ. ಹಳದಿ, ಹೊಗೆ ಬಣ್ಣದ್ದು ದಾರದ ಬಣ್ಣವನ್ನೇ ಬದಲಿಸಿ ತೋರಿಸುತ್ತದೆ. ಮೆರೂನ್ ಯಾವುದು, ಕಂದು ಯಾವುದು ಗೊತ್ತಾಗದೆ ನಿಮ್ಮ ಕೆಲಸ ಕೆಡುತ್ತದೆ.

ಓದುವ ಪವರ್ ಕೆಳಭಾಗದಲ್ಲೇ ಇರುವ ಸೇಫ್ಟಿ ಕನ್ನಡಕಗಳೂ ಬರುತ್ತವೆ. +1.50, +2.00, +2.50 ಹೀಗೆ. ಪಕ್ಕಕ್ಕೆ ಬಳಸಿ ಬರುವ ಆಕಾರ, ಹಗುರ, ಬಿದ್ದರೂ ಒಡೆಯುವುದಿಲ್ಲ. ಸಾವಿರದ ಆಸುಪಾಸಿನಲ್ಲಿ ಸಿಗುತ್ತವೆ. ಪುಸ್ತಕ ಓದುವವರಿಗೆ ಇದು ಒಳ್ಳೆಯ ಆಯ್ಕೆ, ಏಕೆಂದರೆ ಪುಸ್ತಕ ಕೆಳಗೇ ಇರುತ್ತದೆ. ಸೆರಗನ್ನು ಎದುರಿಗೆ ಎತ್ತರದಲ್ಲಿ ಕಟ್ಟಿಕೊಂಡು ಕುಚ್ಚು ಹಾಕುವವರು ಗಾಜಿನ ಕೆಳಭಾಗದಲ್ಲಿ ನೋಡಲು ಗದ್ದ ಎತ್ತಬೇಕಾಗುತ್ತದೆ. ಒಂದು ವಾರಕ್ಕೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ನಿಮಗೆ ಇದನ್ನು ಅರೆಮನಸ್ಸಿನಿಂದ ಹೇಳುತ್ತಿದ್ದೇನೆ.

ಸ್ವಲ್ಪ ದುಡ್ಡು ಕೂಡಿಸಿ ಹೊಸದು ಮಾಡಿಸುವ ಯೋಚನೆ ಇದ್ದರೆ, ಫ್ರೇಮ್ ಆರಿಸುವಾಗ ಚಂದಕ್ಕಿಂತ ಸಂದಿ ನೋಡಿ. ದೊಡ್ಡ ಗಾಜು, ಅಗಲ ಕಡ್ಡಿ, ಮುಖಕ್ಕೆ ಹತ್ತಿರ ಕೂರುವ ಪ್ಲಾಸ್ಟಿಕ್ ಫ್ರೇಮ್. ಹಾಕಿಕೊಂಡು ಹತ್ತು ಸಲ ರೆಪ್ಪೆ ಬಡಿಯಿರಿ. ರೆಪ್ಪೆಗೂದಲು ಗಾಜಿಗೆ ತಾಗಬಾರದು, ತಾಗುವುದಕ್ಕೆ ಕೊಂಚ ಈಚೆ ನಿಲ್ಲಬೇಕು. ಅಂಗಡಿಯವರಿಗೆ ಫ್ರೇಮನ್ನು ಬಿಸಿ ಮಾಡಿ ಮುಖದ ಬಾಗಿಗೆ ತಕ್ಕಂತೆ ಬಗ್ಗಿಸಲು ಹೇಳಿ. ಐದು ನಿಮಿಷದ ಕೆಲಸ. ಕೇಳಿದವರಿಗೆ ಮಾಡಿಕೊಡುತ್ತಾರೆ, ಎಷ್ಟೋ ಜನ ಕೇಳುವುದೇ ಇಲ್ಲ. ನಿಮ್ಮ ಪವರ್ ಹಾಕಿದ ಸಾದಾ ಗಾಜು, ಇಂಥ ಫ್ರೇಮ್, ಜೊತೆಗೆ ಆ ರೆಕ್ಕೆ, ಎಲ್ಲಾ ಸೇರಿ ಒಂದೂವರೆ ಸಾವಿರದೊಳಗೆ ಆಗಬೇಕು.

ಕೆಲವರು ಬೇರೆ ದಾರಿ ಹುಡುಕಿಕೊಂಡು ಬರುತ್ತಾರೆ. ಈಜುವ ಕನ್ನಡಕ ಹಾಕಿಕೊಂಡು ಓದುವವರನ್ನು ಕಂಡಿದ್ದೇನೆ. ಅದು ಕಣ್ಣಿನ ಸುತ್ತ ಬಿಗಿಯಾಗಿ ಹೀರಿಕೊಳ್ಳುತ್ತದೆ, ತಾಸುಗಟ್ಟಲೆ ಹಾಕುವಂಥದ್ದಲ್ಲ. ಗ್ಲಾಕೋಮಾ (ಕಣ್ಣಿನ ಒಳಗಿನ ಒತ್ತಡದ ಕಾಯಿಲೆ) ಇರುವವರಂತೂ ಅದರ ತಂಟೆಗೇ ಹೋಗಬಾರದು. ಪೊರೆ ಆಪರೇಷನ್ ಆದಮೇಲೆ ಕೊಡುವ ಕಪ್ಪು ಕನ್ನಡಕ ಮನೆಯಲ್ಲಿ ಯಾರದ್ದಾದರೂ ಇದ್ದರೆ ಬಿಸಿಲಿಗೆ, ಸಂತೆಗೆ ಹೋಗುವಾಗ ಹಾಕಿಕೊಳ್ಳಿ. ಗಾಳಿ ಚೆನ್ನಾಗಿ ತಡೆಯುತ್ತದೆ. ಓದಲು, ಹೆಣೆಯಲು ಬೇಡ, ಕತ್ತಲಲ್ಲಿ ಕೆಲಸ ಮಾಡಿದ ಹಾಗಾಗುತ್ತದೆ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಅಂಟಿಸಿಕೊಳ್ಳುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಆ ಅಂಚು ಬ್ಲೇಡಿನಂತಿರುತ್ತದೆ, ಕನ್ನಡಕ ಒಮ್ಮೆ ಜಾರಿದರೆ ಕಣ್ಣಿಗೇ ತಾಗುತ್ತದೆ.

ಇನ್ನು ನಿಮ್ಮ ಮಗ ತೋರಿಸಿದ ಕನ್ನಡಕ. ಒಳಗೆ ಸಿಲಿಕೋನ್ ಅಥವಾ ಫೋಮಿನ ಅಂಚು ಇದ್ದು ಮುಖಕ್ಕೆ ಪೂರ್ತಿ ಕೂರುವಂಥದ್ದು. ಮುಖದ ನರ ಬಿದ್ದು ಕಣ್ಣು ಮುಚ್ಚಲಾಗದವರಿಗೆ, ಥೈರಾಯ್ಡ್ ತೊಂದರೆಯಿಂದ ಕಣ್ಣು ಮುಂದೆ ಬಂದವರಿಗೆ, ಜೋಗ್ರೆನ್ಸ್ ಕಾಯಿಲೆಯಲ್ಲಿ ಕಣ್ಣೀರಿನ ಗ್ರಂಥಿಯೇ ಬತ್ತಿದವರಿಗೆ ಅದು ಬೇಕಾಗುತ್ತದೆ. ಅಂಥವರಿಗೆ ನಾನೇ ಬರೆದುಕೊಡುತ್ತೇನೆ. ಅದರಲ್ಲೂ ಮಂಜು ಕಟ್ಟುತ್ತದೆ, ನಮ್ಮ ಬೇಸಿಗೆಯಲ್ಲಿ ಬೆವರು ನಿಲ್ಲುತ್ತದೆ. ಫೋಮಿನಲ್ಲಿ ಕೊಳೆ ಕೂತರೆ ರೆಪ್ಪೆಯ ಅಂಚು ಊದಿಕೊಂಡು ತೊಂದರೆ ಇನ್ನೂ ಜಾಸ್ತಿ ಆಗುತ್ತದೆ. ದಿನಾ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಬೇಕು.

ಪವರ್ ಅಳೆಸುವ ಮುಂಚೆ

ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ, ಏಕೆಂದರೆ ಇಲ್ಲೇ ಜನ ಎರಡೆರಡು ಸಲ ದುಡ್ಡು ಕಳೆದುಕೊಳ್ಳುತ್ತಾರೆ. ಕಣ್ಣು ಒಣಗಿದಾಗ ಅದರ ಮೇಲ್ಮೈ ಸಮ ಇರುವುದಿಲ್ಲ. ಅಕ್ಷರ ಒಂದು ಕ್ಷಣ ಚೆನ್ನಾಗಿ ಕಾಣುತ್ತದೆ, ಮರುಕ್ಷಣ ಮಸುಕು, ರೆಪ್ಪೆ ಬಡಿದರೆ ಮತ್ತೆ ಸರಿ. ಇಂಥ ಕಣ್ಣನ್ನು ಸಂಜೆ ಉರಿಯುವ ಹೊತ್ತಿಗೆ ಪರೀಕ್ಷಿಸಿದರೆ ತಪ್ಪು ಪವರ್ ಬರುವ ಸಾಧ್ಯತೆ ಇದೆ. ಹಾಗಾಗಿ ಎರಡು ಮೂರು ವಾರ ಹನಿ, ರೆಪ್ಪೆಗೆ ಶಾಖ (ಹೇಗೆ ಅಂತ ಮುಂದೆ ಹೇಳುತ್ತೇನೆ) ಎಲ್ಲ ಸರಿಯಾಗಿ ಮಾಡಿ, ಬೆಳಿಗ್ಗೆ ಕಣ್ಣು ಹಗುರ ಇರುವಾಗ ಅಳೆಸಿ. ಸಕ್ಕರೆ ಕಾಯಿಲೆ ಇದ್ದರೆ ಸಕ್ಕರೆ ಹತೋಟಿಗೆ ಬಂದ ಮೇಲೆ. ಸಕ್ಕರೆ ಏರಿಳಿದರೆ ಪವರೂ ಏರಿಳಿಯುತ್ತದೆ.

ದೂರವನ್ನೂ ಅಳೆದುಕೊಂಡು ಹೋಗಿ. ಕುಚ್ಚು ಕಟ್ಟುವಾಗ ಎಂದಿನಂತೆ ಕೂತು, ಕಣ್ಣಿನಿಂದ ಗಂಟಿನವರೆಗೆ ಯಾರಿಂದಲಾದರೂ ಟೇಪ್ ಹಿಡಿಸಿ. ಹದಿನಾರು ಇಂಚು, ಅಂದರೆ 40 ಸೆಂಟಿಮೀಟರ್ ಇದ್ದರೆ ನಿಮ್ಮ ವಯಸ್ಸಿಗೆ +2.00 ಹತ್ತಿರವೇ ಬರುತ್ತದೆ, ದೂರದ ಪವರ್ ಇಲ್ಲದಿದ್ದರೆ. ಹದಿಮೂರು ಇಂಚಿಗೆ ಬಗ್ಗಿ ಕೆಲಸ ಮಾಡುವವರಿಗೆ ಇನ್ನು ಸ್ವಲ್ಪ ಜಾಸ್ತಿ ಬೇಕು. ಸುಮ್ಮನೆ ಜಾಸ್ತಿ ಪವರ್ ಹಾಕಿಕೊಂಡರೆ ಒಳ್ಳೆಯದು ಅಂತಲ್ಲ. ಜಾಸ್ತಿಯಾದಷ್ಟೂ ಇನ್ನೂ ಹತ್ತಿರ ಬಗ್ಗಬೇಕಾಗುತ್ತದೆ.

ಸೆರಗನ್ನು ಎಷ್ಟು ಎತ್ತರದಲ್ಲಿ ಕಟ್ಟಿಕೊಳ್ಳುತ್ತೀರಿ ಅನ್ನುವುದನ್ನು ಒಮ್ಮೆ ನೋಡಿ. ಕಣ್ಣಿನ ಮಟ್ಟಕ್ಕಿದ್ದರೆ ರೆಪ್ಪೆ ಅಗಲ ತೆರೆದಿರುತ್ತದೆ, ಒಣಗುವ ಜಾಗ ಹೆಚ್ಚು. ಎದೆಯ ಮಟ್ಟಕ್ಕೆ ಇಳಿಸಿದರೆ ರೆಪ್ಪೆ ಅರ್ಧ ಇಳಿಯುತ್ತದೆ, ಕಣ್ಣಿನ ಬಹುಭಾಗ ತಾನೇ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಖರ್ಚಿಲ್ಲ. ನೆತ್ತಿಯ ಫ್ಯಾನ್ ಬದಲು ಟೇಬಲ್ ಫ್ಯಾನನ್ನು ಕಾಲಿನ ಕಡೆಗೆ ತಿರುಗಿಸಿಟ್ಟುಕೊಳ್ಳಿ. ಕೂಲರ್ ಇದ್ದರೆ ತೇವ ಸಿಗುತ್ತದೆ, ಆದರೆ ಅದರ ಗಾಳಿ ನೇರ ಮುಖಕ್ಕೆ ಬೀಳಬಾರದು.

ಕನ್ನಡಕದ ಆಚೆಗೆ

ಗಟ್ಟಿಯಾದ ಕೊಬ್ಬರಿ ಎಣ್ಣೆ ಬಾಟಲಿಯನ್ನು ಏನು ಮಾಡುತ್ತೀರಿ? ಬಿಸಿನೀರಲ್ಲಿ ಇಡುತ್ತೀರಿ. ರೆಪ್ಪೆಗೂ ಅದೇ ಚಿಕಿತ್ಸೆ. ಮೆತ್ತನೆಯ ಶುಭ್ರ ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಮುಂಗೈ ಒಳಭಾಗಕ್ಕೆ ಮುಟ್ಟಿಸಿ ನೋಡಿ, ಹಿತವಾಗಿದ್ದರೆ ಮುಚ್ಚಿದ ಕಣ್ಣಿನ ಮೇಲಿಡಿ. ಬಟ್ಟೆ ಬೇಗ ಆರುತ್ತದೆ, ಮತ್ತೆ ಮತ್ತೆ ಅದ್ದಬೇಕು. ಐದರಿಂದ ಹತ್ತು ನಿಮಿಷ. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಬೆರಳಿಂದ ಹಗುರವಾಗಿ ಸವರಿ. ದಿನಕ್ಕೆರಡು ಸಲ ಮಾಡಿದರೆ ಕೆಲವು ವಾರಗಳಲ್ಲಿ ಗೊತ್ತಾಗುತ್ತದೆ. ಎರಡು ದಿನ ಮಾಡಿ ಬಿಟ್ಟರೆ ಏನೂ ಆಗುವುದಿಲ್ಲ.

ಪ್ರತಿ ಕುಚ್ಚಿನ ಕೊನೆಯ ಗಂಟಿಗೆ ಒಂದು ಸಲ ಕಣ್ಣು ಪೂರ್ತಿ ಮುಚ್ಚಿ, ಎರಡು ಎಣಿಸಿ ತೆರೆಯುವ ರೂಢಿ ಮಾಡಿಕೊಳ್ಳಿ. ನನ್ನ ಹತ್ತಿರ ಬರುವ ಒಬ್ಬ ಟೈಲರ್ ಪ್ರತಿ ಸಲ ದಾರ ತುಂಡು ಮಾಡುವಾಗ ಹೀಗೆ ಮಾಡುತ್ತಾರೆ. ಗಡಿಯಾರ ನೋಡಿ ಮಾಡುವುದು ಯಾರಿಗೂ ನೆನಪಿರುವುದಿಲ್ಲ, ಕೆಲಸಕ್ಕೇ ಗಂಟು ಹಾಕಿದರೆ ನೆನಪಿರುತ್ತದೆ.

ಹನಿಯ ಬಾಟಲಿ ಒಮ್ಮೆ ತಿರುಗಿಸಿ ಓದಿ. ಸಾಧಾರಣವಾಗಿ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಅಥವಾ ಸೋಡಿಯಂ ಹಯಲುರೊನೇಟ್ ಎಂದಿರುತ್ತದೆ. ಔಷಧಿ ಕೆಡದಂತೆ ಪ್ರಿಸರ್ವೇಟಿವ್ ಬೆರೆಸಿದ್ದರೆ ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ, ಅದೇ ಕಣ್ಣನ್ನು ಕೆರಳಿಸುತ್ತದೆ. ಅದಕ್ಕಿಂತ ಹೆಚ್ಚು ಸಲ ಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನು ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿ. ಮೀನೆಣ್ಣೆ ಮಾತ್ರೆ ತೆಗೆದುಕೊಳ್ಳಲಾ ಅಂತ ಬಹಳ ಜನ ಕೇಳುತ್ತಾರೆ. 2018ರಲ್ಲಿ ಅಮೆರಿಕದಿಂದ ಬಂದ ಒಂದು ದೊಡ್ಡ ಪ್ರಯೋಗದಲ್ಲಿ ಒಮೆಗಾ-3 ತೆಗೆದುಕೊಂಡವರಿಗೂ ಬರೀ ಆಲಿವ್ ಎಣ್ಣೆಯ ಮಾತ್ರೆ ತೆಗೆದುಕೊಂಡವರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಆ ದುಡ್ಡು ಉಳಿಸಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ನೀವು ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಒಯ್ಯಿರಿ. ನೆಗಡಿ, ಅಲರ್ಜಿ ಮಾತ್ರೆಗಳು, ಮನಸ್ಸಿನ ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಕಣ್ಣು ಒಣಗಿಸುತ್ತವೆ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಬಾಯಿಯೂ ಒಣಗುತ್ತಿದೆಯಾ, ಒಣ ರೊಟ್ಟಿ ನುಂಗಲು ನೀರು ಬೇಕೇ ಬೇಕು ಅನ್ನಿಸುತ್ತಾ, ಬೆರಳ ಗಂಟುಗಳು ಬೆಳಿಗ್ಗೆ ಬಿಗಿದಿರುತ್ತವಾ? ಹೌದಾದರೆ ತಪ್ಪದೆ ಹೇಳಿ. ಅದು ಜೋಗ್ರೆನ್ಸ್ ಅಥವಾ ಸಂಧಿವಾತ ಇರಬಹುದು, ರಕ್ತಪರೀಕ್ಷೆ ಬೇಕಾಗುತ್ತದೆ. ಕಣ್ಣಿಗೆ ಮಾಡುವ ಪರೀಕ್ಷೆಗಳು ನೋಯುವುದಿಲ್ಲ. ಸಣ್ಣ ಕಾಗದದ ಪಟ್ಟಿಯನ್ನು ಕೆಳರೆಪ್ಪೆಯಲ್ಲಿ ಐದು ನಿಮಿಷ ಇಟ್ಟು ಎಷ್ಟು ನೆನೆಯಿತು ನೋಡುತ್ತಾರೆ. 5 ಮಿಲಿಮೀಟರಿಗಿಂತ ಕಡಿಮೆ ಅಂದರೆ ನೀರೇ ತೀರ ಕಡಿಮೆ. ಬಣ್ಣದ ಹನಿ ಹಾಕಿ, ರೆಪ್ಪೆ ಬಡಿಯದೆ ಇದ್ದರೆ ಕಣ್ಣೀರ ಪದರ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಎಣಿಸುತ್ತಾರೆ. 10 ಸೆಕೆಂಡಿಗಿಂತ ಮುಂಚೆ ಒಡೆದರೆ ಎಣ್ಣೆಯ ತೊಂದರೆ ಇರಬಹುದು.

ಒಂದೇ ಕಣ್ಣು ಕೆಂಪಾಗಿ ನೋಯುವುದು, ಬೆಳಕು ನೋಡಲಾಗದಿರುವುದು, ಕೀವು, ಒಮ್ಮೆಲೇ ಮಸುಕು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಇವುಗಳಲ್ಲಿ ಯಾವುದಾದರೂ ಕಂಡರೆ ಕಾಯಬೇಡಿ. ಅವತ್ತೇ ಹೋಗಿ.

ಖರ್ಚಿನ ಚಿಂತೆ ಬೇಡ. ಗದಗದಲ್ಲೇ ಜಿಮ್ಸ್ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಇದೆ. ರಾಜ್ಯ ಸರ್ಕಾರದ ಆಶಾಕಿರಣ ಯೋಜನೆಯಲ್ಲಿ ಕಣ್ಣಿನ ತಪಾಸಣೆ, ಕನ್ನಡಕ ಎರಡೂ ಉಚಿತ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿ, ಎಲ್ಲಿ ಯಾವಾಗ ಅಂತ ಹೇಳುತ್ತಾರೆ. ಅಲ್ಲಿ ಸಿಕ್ಕ ಕನ್ನಡಕಕ್ಕೆ ಆ ರೆಕ್ಕೆಗಳನ್ನು ಸಿಕ್ಕಿಸಿಕೊಳ್ಳಬಹುದು. ಹೋಗುವಾಗ ಹಳೆಯ ಕನ್ನಡಕ, ಹನಿಯ ಬಾಟಲಿ, ಟೇಪಿನಲ್ಲಿ ಅಳೆದ ದೂರ ಬರೆದ ಚೀಟಿ ಜೊತೆಗಿರಲಿ. ಅರ್ಧ ಕಟ್ಟಿದ ಒಂದು ಕುಚ್ಚನ್ನೂ ಒಯ್ಯಿರಿ. ಪವರ್ ಅಳೆಯುವವರು ಅಕ್ಷರದ ಹಲಗೆ ಓದಿಸಿದ ಮೇಲೆ, ಅದನ್ನು ಕೈಯಲ್ಲಿ ಹಿಡಿದು ‘ಈ ಎಳೆ ಬಿಡಿಬಿಡಿಯಾಗಿ ಕಾಣಬೇಕು’ ಅಂತ ತೋರಿಸಿ.